ತನಿಯಣ್ಣ ಮತ್ತು ಮೂರು ಸಾವಿರದ ಐನೂರು

ಹೊರಗೆ ನಲವತ್ತೇಳು ಡಿಗ್ರಿ ಬಿಸಿಲಿರುವಾಗ ಉಣ್ಣೆಯ ಟೊಪ್ಪಿ, ಎರಡು ಜೊತೆ ಕಾಲುಚೀಲ, ಮೊಣಕಾಲು ಮುಚ್ಚುವ ದಪ್ಪ ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಡುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ದೋಹಾದಲ್ಲಿದ್ದ ನಾವು ದಿನಾ ಕಾಣುತ್ತಿದ್ದೆವು. ಸನಯ್ಯಾದ, ಅಂದರೆ ಗ್ಯಾರೇಜು ಗೋದಾಮುಗಳೇ ತುಂಬಿದ ಇಂಡಸ್ಟ್ರಿಯಲ್ ಏರಿಯಾದ, ಒಂದು ಕೋಲ್ಡ್ ಸ್ಟೋರಿನಲ್ಲಿ ಫೋರ್‌ಮನ್ ಆಗಿದ್ದ ಮೂಲ್ಕಿ ಕಡೆಯ ತನಿಯನೇ ಆ ಮನುಷ್ಯ. ಕೋಟನ್ನು ಫ್ರೀಜರಿನ ಬಾಗಿಲಲ್ಲಿ ಹಾಕಿಕೊಂಡರೂ ನಡೆಯುತ್ತಿತ್ತು. ಆದರೆ ಸಿಂಹಾಸನದ ಹತ್ತಿರ ಹೋದ ಮೇಲೆ ಕಿರೀಟ ಹುಡುಕುವ ರಾಜ ಎಲ್ಲಿದ್ದಾನೆ. ತನಿಯ ಕಂಪನಿಯ ವ್ಯಾನಿನಲ್ಲೇ ಪೂರ್ತಿ ಅಲಂಕಾರ ಮಾಡಿಕೊಂಡು, ಬೆವರಿನಲ್ಲಿ ಸ್ನಾನ ಮಾಡುತ್ತ ದರ್ಬಾರಿಗೆ ಇಳಿಯುತ್ತಿದ್ದ.

ಅವನ ರಾಜ್ಯದ ಉದ್ದ ತೊಂಬತ್ತು ಅಡಿ, ಅಗಲ ನಲವತ್ತು, ಹವಾಮಾನ ವರ್ಷವಿಡೀ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಪ್ರಜೆಗಳೆಂದರೆ ಬ್ರೆಜಿಲಿನ ಕೋಳಿ, ಆಸ್ಟ್ರೇಲಿಯಾದ ಕುರಿ, ಒಮಾನಿನ ಅಂಜಲ್ ಮೀನು. ಎಲ್ಲರೂ ಸತ್ತವರೇ ಆದ್ದರಿಂದ ಹದಿಮೂರು ವರ್ಷಗಳ ಆಳ್ವಿಕೆಯಲ್ಲಿ ಒಂದೂ ದಂಗೆಯಾಗಿರಲಿಲ್ಲ. ಜೀವ ಇದ್ದ ಪ್ರಜೆಗಳು ಆರು ಮಂದಿ ಕೆಲಸಗಾರರು. ಅವರಿಗಾಗಿ ತನಿಯ ಒಂದು ಕಾನೂನು ಮಾಡಿದ್ದ. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಒಳಗಿರುವಾಗ ಯಾರಿಗಾದರೂ ನಡುಕ ನಿಂತರೆ, ಕೈಗವಸು ಕಳಚಿದರೆ, ತನ್ನಷ್ಟಕ್ಕೆ ನಕ್ಕರೆ, ಅರ್ಥವಿಲ್ಲದ ಮಾತಾಡಿದರೆ, ಪ್ರಶ್ನೆ ಕೇಳಬಾರದು. ಬೆಲ್ಟು ಹಿಡಿದು ಹೊರಗೆ ಎಳೆಯಬೇಕು. ಬೈದರೂ ಎಳೆಯಬೇಕು, ಹೊಡೆದರೂ ಎಳೆಯಬೇಕು.

ಪ್ರಶ್ನೆ ಕೇಳಬಾರದು ಎಂಬ ಭಾಗ ನೌಶಾದನಿಂದ ಬಂದದ್ದು. ಎಂಬತ್ತೊಂಬತ್ತರಲ್ಲಿ ಕೋಳಿಯ ಪೆಟ್ಟಿಗೆಗಳ ಮೇಲೆ ಕುಳಿತು ನಗುತ್ತಿದ್ದ ನೌಶಾದನನ್ನು ತನಿಯ ಬಾಗಿಲಿನಿಂದಲೇ, "ಆಯ್ತಾ ಮಾರಾಯ?" ಎಂದು ಕೇಳಿದ್ದ. "ಆಯ್ತಾಯ್ತು, ಐದು ನಿಮಿಷ" ಎಂದ ನೌಶಾದ್. ಇವನು ನಂಬಿ ಲಾರಿ ಖಾಲಿ ಮಾಡಿಸಲು ಹೋದ. ನೌಶಾದ್ ಬದುಕಿದ. ಎಡಗೈಯ ಎರಡು ಬೆರಳು ಮಾತ್ರ ಆಸ್ಪತ್ರೆಯಲ್ಲೇ ಉಳಿದವು. ಅಂದಿನಿಂದ ಅವನು ಗೇಟಿನಲ್ಲಿ ಕುಳಿತು ಲಾರಿಗಳ ನಂಬರು ಬರೆಯುತ್ತಾನೆ. ತನಿಯ ಅಂದಿನಿಂದ ಫ್ರೀಜರಿನೊಳಗೆ ಯಾರನ್ನೂ ಏನನ್ನೂ ಕೇಳಿದ್ದಿಲ್ಲ.

ನಮ್ಮ ಕರಾವಳಿಯವರ ಸಂಘದಲ್ಲಿ ಈ ರಾಜನಿಗೆ ಕೊನೆಯ ಸಾಲಿನ ಕುರ್ಚಿ. ಅದನ್ನು ಯಾರೂ ಗೊತ್ತುಮಾಡಿದ್ದಲ್ಲ. ಊರಿನಲ್ಲಿ ತನಿಯನ ಅಪ್ಪ ಯಾರ ಅಂಗಳದಾಚೆ ನಿಲ್ಲುತ್ತಿದ್ದನೋ, ಅವರ ಮಕ್ಕಳೇ ಇಲ್ಲಿ ಸಂಘದ ಅಧ್ಯಕ್ಷರು, ಖಜಾಂಚಿಗಳು. ಕುರ್ಚಿಗಳು ತಾವಾಗಿಯೇ ತಿಳಿದುಕೊಂಡಿದ್ದವು. ತನಿಯ ಅದನ್ನೂ ತಮಾಷೆ ಮಾಡುತ್ತಿದ್ದ. "ನಂಗೆ ಹಿಂದೆಯೇ ಒಳ್ಳೇದು. ಎಸಿ ಹತ್ರ ಉಂಟಲ್ಲ," ಎನ್ನುತ್ತಿದ್ದ. ಇಪ್ಪತ್ತೆರಡು ಡಿಗ್ರಿ ಕೆಳಗೆ ದುಡಿಯುವವನಿಗೆ ಎಸಿ ಯಾಕೆ ಎಂದು ಯಾರೂ ಕೇಳಲಿಲ್ಲ.

ತೊಂಬತ್ತಾರರ ಆಗಸ್ಟಿನ ಒಂದು ಮಧ್ಯಾಹ್ನ ಈ ರಾಜ್ಯಕ್ಕೆ ಯೋಸೆಫ್ ಬಂದ. ಆಸ್ಟ್ರಿಯಾದವನು, ಅನಿಲದ ಕಂಪನಿಯಲ್ಲಿ ಎಂಜಿನಿಯರು, ಐವತ್ತೆಂಟು ವರ್ಷ, ಒಣ ಬೆಂಡೆಕಾಯಿಯ ಹಾಗೆ ಸಪೂರ, ನಡೆಯುವಾಗ ಬಲ ಸೊಂಟ ಎಳೆಯುತ್ತಿದ್ದ. ಕೈಯಲ್ಲಿ ಎರಡು ಉದ್ದ ಪಟ್ಟಿ. ಒಂದು ಮೈಯಲ್ಲಿ ತುಪ್ಪಳ, ಇನ್ನೊಂದು ಮೈಯಲ್ಲಿ ಅಂಟು. ಮ್ಯಾನೇಜರ್ ಮಹಮೂದ್ ಉಳ್ಳಾಲದವರು, ಯಾರು ಏನು ತಂದರೂ ಬಾಡಿಗೆಗೆ ಇಡುವವರು. ಅವರು ತನಿಯನನ್ನು ಕರೆದರು.

"ನೋಡು ಮಾರಾಯ, ಈ ಯೂಸುಫ್ ಸಾಯ್ಬರಿಗೆ ಎಂಥದೋ ಚರ್ಮ ಫ್ರೀಜರಲ್ಲಿ ಇಡ್ಬೇಕಂತೆ."

"ಯಾವ ಪ್ರಾಣಿದು?"

"ಪ್ರಾಣಿದಲ್ಲ. ಕಾಲಿಗೆ ಕಟ್ಟುವ ಹಲಗೆದು."

ವಿಷಯ ಬಿಡಿಸಿ ಹೇಳುವುದಕ್ಕೆ ಒಂದು ವಾರ ಹಿಡಿಯಿತು. ಏಕೆಂದರೆ ಯೋಸೆಫ್ ಮತ್ತು ತನಿಯರ ನಡುವೆ ಇದ್ದದ್ದು ಇಂಗ್ಲಿಷು, ಹಿಂದಿ, ಅರಬಿ ಎಲ್ಲ ಸೇರಿ ಸುಮಾರು ನಲವತ್ತು ಶಬ್ದ. ಸ್ಕೀ ಎಂಬ ಹಲಗೆಗಳ ಮೇಲೆ ನಿಂತು ಹಿಮದಲ್ಲಿ ಜಾರಿ ಇಳಿಯುವುದು ಎಲ್ಲರಿಗೂ ಗೊತ್ತು. ಯೋಸೆಫನ ಜಾತಿಯವರು ಜಾರುವ ಮೊದಲು ಅದೇ ಹಲಗೆಗಳ ಮೇಲೆ ನಡೆದು ಬೆಟ್ಟ ಹತ್ತುತ್ತಾರೆ. ಹಿಂದಕ್ಕೆ ಜಾರದಂತೆ ಹಲಗೆಯಡಿಗೆ ಈ ತುಪ್ಪಳ ಅಂಟಿಸುತ್ತಾರೆ. ಕೂದಲು ಹಿಂದಕ್ಕೆ ಮಲಗಿರುವುದರಿಂದ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ದೋಹಾದ ಬಿಸಿಗೆ ಇವನ ಪಟ್ಟಿಗಳ ಅಂಟು ಕರಗಿ ಬೆಲ್ಲದ ಪಾಕವಾಗಿತ್ತು. ಸೂಕ್ ವಾಕಿಫ್ ಸಂತೆಯಲ್ಲಿ ಸಿಕ್ಕ ಹೊಸ ಅಂಟು ಬಳಿದು ಚಳಿಯಲ್ಲಿ ನಿಲ್ಲುತ್ತದೋ ಎಂದು ನೋಡಲು ಇಡೀ ಕತಾರಿನಲ್ಲಿ ಅವನಿಗೆ ಉಳಿದ ಜಾಗ ಇದೊಂದೇ.

ಮೊದಲ ಅಂಟು ಒಂದು ಗಂಟೆಯಲ್ಲಿ ಬಿಸ್ಕೆಟಿನ ಹಾಗೆ ಮುರಿಯಿತು. ಎರಡನೆಯದನ್ನು ಬಿಡಿಸಲು ಮಟನ್ ಕತ್ತರಿಸುವ ಗರಗಸ ಬೇಕಾಯಿತು. ಮೂರನೆಯದು ನಿಂತಿತು. ಅಷ್ಟರಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಡಲಾಗದ ಸ್ಥಿತಿ. ಒಂದು ಸಂಜೆ ಯೋಸೆಫ್ ಇಪ್ಪತ್ತು ನಿಮಿಷದ ಕಾನೂನು ಮರೆತು ಒಳಗೆ ನಿಂತು ನಗುತ್ತಿದ್ದಾಗ ತನಿಯ ಅವನ ಬೆಲ್ಟು ಹಿಡಿದು ಎಳೆದು ಬಿಸಿಲಿಗೆ ಎಸೆದ. ಯೋಸೆಫ್ ಎದ್ದು, ಪ್ಯಾಂಟು ಕೊಡವಿಕೊಂಡು, "ಗುಡ್ ರೂಲ್, ತಾನಿ, ಗುಡ್ ರೂಲ್" ಎಂದು ಬೆನ್ನು ತಟ್ಟಿದ. ಮುಂದಿನ ಶುಕ್ರವಾರ ಮನೆಗೆ ಊಟಕ್ಕೆ ಕರೆದ. ದೋಹಾದಲ್ಲಿ ಹದಿಮೂರು ವರ್ಷಕ್ಕೆ ತನಿಯ ಒಬ್ಬರ ಮನೆಯ ಊಟದ ಮೇಜಿನಲ್ಲಿ, ಮನೆಯವರ ಎದುರಿಗೆ ಕುಳಿತದ್ದು ಅದೇ ಮೊದಲು. ಬೇಯಿಸಿದ ಬಟಾಟೆಯೂ ಉಪ್ಪಿಲ್ಲದ ಮಾಂಸವೂ ಇದ್ದವಂತೆ. "ರುಚಿ ಮಾಫಿ, ಎಂಥದೂ ಇಲ್ಲ," ಎಂದು ತನಿಯ ನಮಗೆ ವರದಿ ಕೊಟ್ಟ. "ಆದ್ರೆ ಬಡಿಸಿದ್ದು ಅವ್ರೇ."

ಆ ಮೇಜಿನಲ್ಲೇ ಯೋಸೆಫ್ ಒಂದು ಫೋಟೋ ತೋರಿಸಿದ. ಹಿಮದ ಮೇಲೆ ನಗುವ ಹೆಂಗಸು, ಹಿಂದೆ ಮರದ ಶಿಲುಬೆ, ಶಿಲುಬೆಯ ಕಾಲಿಗೆ ಒಂದು ತಗಡಿನ ಪೆಟ್ಟಿಗೆ. ಹೆಂಗಸು ಅವನ ಹೆಂಡತಿ ಮಾರ್ತಾ. ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇರುತ್ತದೆ. ಮೇಲೆ ಮುಟ್ಟಿದವರೆಲ್ಲ ಹೆಸರು, ತಾರೀಕು, ಮನಸ್ಸಿದ್ದರೆ ಒಂದು ಮಾತು ಬರೆದು ಮುಚ್ಚಿಡುತ್ತಾರೆ. ಬೆಟ್ಟದ ನೆತ್ತಿಯಲ್ಲಿ ಹಾಜರಿ ಪುಸ್ತಕ ಇಟ್ಟ ಜನರ ಮೇಲೆ ತನಿಯನಿಗೆ ಆ ಕ್ಷಣದಲ್ಲಿ ಅಪಾರ ಗೌರವ ಹುಟ್ಟಿತು. ಮದುವೆಯಾದ ವಾರ, ಎಪ್ಪತ್ತೊಂದರ ನವೆಂಬರ್ ಒಂಬತ್ತರಂದು, ಈ ಇಬ್ಬರು ಆ ಬೆಟ್ಟ ಹತ್ತಿದ್ದರು. ಆಮೇಲೆ ಪ್ರತಿ ವರ್ಷ ಅದೇ ತಾರೀಕು. ಹಿಮ ಇನ್ನೂ ತೆಳುವಾಗಿರುತ್ತದೆ, ಹಿಮನದಿಯ ಬಿರುಕುಗಳು ಸರಿಯಾಗಿ ಮುಚ್ಚಿರುವುದಿಲ್ಲ, ಬುದ್ಧಿ ಇದ್ದವರು ಏಪ್ರಿಲ್‌ವರೆಗೆ ಕಾಯುತ್ತಾರೆ. ಇವರು ಕಾಯಲಿಲ್ಲ. ಇಪ್ಪತ್ತನಾಲ್ಕು ಸಲ ಹತ್ತಿ, ಪ್ರತಿ ಸಲವೂ ಇಬ್ಬರ ಹೆಸರಿನ ಕೆಳಗೆ ಮಾರ್ತಾ ಅದೇ ಒಂದು ಸಾಲು ಬರೆಯುತ್ತಿದ್ದಳು. ಗಾಳಿಯ ಬಗ್ಗೆ ಏನೋ ಪೋಲಿ ತಮಾಷೆ. ತೊಂಬತ್ತೈದರ ಬೇಸಿಗೆಯಲ್ಲಿ ಮಾರ್ತಾ ಕಾಯಿಲೆಯಿಂದ ತೀರಿಕೊಂಡಳು. ಆ ವರ್ಷ ಸಾಲು ಬಿದ್ದಿರಲಿಲ್ಲ.

ಬರುವ ಜನವರಿಯಲ್ಲಿ ಯೋಸೆಫನ ಸೊಂಟಕ್ಕೆ ಆಪರೇಶನ್. ಆಮೇಲೆ ಬೆಟ್ಟ ಖಲಾಸ್ ಎಂದು ಡಾಕ್ಟರು ಹೇಳಿಯಾಗಿತ್ತು. ಉಳಿದದ್ದು ಈ ನವೆಂಬರ್ ಒಂದೇ. ಅವಳ ಸಾಲನ್ನು ಒಂದು ಸಲ ತಾನು ಬರೆದು ಬರಬೇಕು. ಹಿಮನದಿಯ ಮೇಲೆ ಒಬ್ಬನೇ ಹೋಗುವಂತಿಲ್ಲ, ಬಿರುಕಿಗೆ ಬಿದ್ದರೆ ಹಗ್ಗದ ಇನ್ನೊಂದು ತುದಿಯಲ್ಲಿ ಎಳೆಯುವವರು ಬೇಕು. ಊರಿನ ಹಳೆಯ ಜೊತೆಗಾರರು ಆ ಸೊಂಟ ನೋಡಿ ಒಲ್ಲೆ ಎಂದರು. ಕಂಪನಿಯ ಬಿಳಿಯರು ಸೈಪ್ರಸಿನ ಸಮುದ್ರ ತೀರಕ್ಕೆ ಟಿಕೆಟು ಮಾಡಿಸಿದ್ದರು.

"ನಾನು ಬರ್ತೇನೆ," ಎಂದ ತನಿಯ. "ಪುಸ್ತಕಕ್ಕೆ ಮುಟ್ಟಿಸುದು ನನ್ನ ಜವಾಬ್ದಾರಿ."

ನಲವತ್ತೆರಡು ವರ್ಷದ ತನಿಯ ಅಲ್ಲಿವರೆಗೆ ಹತ್ತಿದ ಅತಿ ಎತ್ತರದ ವಸ್ತು ಕೋಳಿ ಪೆಟ್ಟಿಗೆಗಳ ಒಟ್ಟಿಲು.

ಪಾಸ್‌ಪೋರ್ಟು ಕೇಳಲು ಹೋದಾಗ ಮಹಮೂದ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಿಗೆ ರಜೆ? ಊರಿಗಾ?"

"ಅಲ್ಲ ಸಾಯ್ಬ್ರೇ. ಆಸ್ಟ್ರಿಯಾಕ್ಕೆ."

"ಎಂಥಕ್ಕೆ?"

"ಬೆಟ್ಟ ಹತ್ತಲಿಕ್ಕೆ. ಐಸಿದು."

"ಐಸು ಇಲ್ಲಿ ಕಮ್ಮಿ ಉಂಟಾ ಮಾರಾಯ? ಒಳಗೆ ಇಪ್ಪತ್ತು ಟನ್ ಬಿದ್ದಿದೆ. ಅದ್ರ ಮೇಲೆ ಹತ್ತು, ಸಂಬಳ ಸಹ ಸಿಗ್ತದೆ."

ಆದರೂ ಮಹಮೂದ್ ಕಾಗದ ತಯಾರಿಸಿದರು. ಮಾಲೀಕ ಅರಬ್ಬೀ ಯಜಮಾನ ಅದನ್ನು ಎರಡು ಸಲ ಓದಿಸಿ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ದೇಶ ಬಿಡುವ ಅನುಮತಿಗೆ ಸಹಿ ಹಾಕಿದ. ನಗಿಸಿದ್ದಕ್ಕೆ ಬಕ್ಷೀಸಾಗಿ ತನ್ನ ಹಳೆಯ ತಂಪು ಕನ್ನಡಕವನ್ನೂ ಕೊಟ್ಟ. ವೀಸಾವನ್ನು ಯೋಸೆಫನ ಕಂಪನಿಯ ಪತ್ರ ತಂದುಕೊಟ್ಟಿತು.

ದಂಡಯಾತ್ರೆಯ ತಾಲೀಮು ನಡೆದದ್ದು ದಕ್ಷಿಣದ ಉಮ್ ಸೈದ್‌ನ ಮರಳುಗುಡ್ಡೆಗಳಲ್ಲಿ. ಶುಕ್ರವಾರ ಬೆಳಗಿನ ಜಾವ ಹೋಗಿ ಬಿಸಿಲೇರುವ ಮೊದಲು ಮುಗಿಸುವುದು. ಒಳ್ಳೆಯ ತುಪ್ಪಳ ಮರಳಿಗೆ ಹಾಳಾಗುತ್ತದೆಂದು ಹಳೆಯ ಕಾರ್ಪೆಟ್ ಕತ್ತರಿಸಿ ಹಲಗೆಗೆ ಅಂಟಿಸಿದರು. ನಾವು ಕೆಲವರು ಬಿರಿಯಾನಿ ಕಟ್ಟಿಕೊಂಡು ನೋಡಲು ಹೋಗಿದ್ದೆವು, ಸುಳ್ಳು ಯಾಕೆ ಹೇಳಲಿ. ಅರಬ್ಬೀ ಯಜಮಾನನ ಕನ್ನಡಕ, ಲುಂಗಿಯ ಮೇಲೆ ಬಿಗಿದ ಹಗ್ಗದ ಪಟ್ಟಿ, ಕಾಲಡಿ ಆರಡಿ ಹಲಗೆ. ಹತ್ತುವುದು ಚೆನ್ನಾಗಿಯೇ ಬಂತು. ತಿರುವಿನಲ್ಲಿ ಒಂದು ಕಾಲನ್ನು ಹಲಗೆ ಸಮೇತ ಆಕಾಶಕ್ಕೆತ್ತಿ ಹಿಂದುಮುಂದಾಗಿ ತಿರುಗಿಸಿ ಇಡಬೇಕು. ಅದನ್ನು ಮಾಡಲು ಹೋಗಿ ನಮ್ಮ ವೀರ ಗಂಟು ಬಿದ್ದು, ಗುಡ್ಡೆಯ ಬುಡದವರೆಗೆ ಮರದ ದಿಮ್ಮಿಯ ಹಾಗೆ ಉರುಳಿದ. ಐದನೆಯ ಶುಕ್ರವಾರ ಉರುಳಲಿಲ್ಲ. ಜಾರಿ ಇಳಿಯುವುದನ್ನು ಮಾತ್ರ ಕೊನೆಯವರೆಗೂ ಕುಳಿತೇ ಮಾಡಿದ.

ಮುಂದಿನದನ್ನು ನಾವು ನೋಡಿದ್ದಲ್ಲ. ತನಿಯ ತುಂಡುತುಂಡಾಗಿ, ಬೇರೆ ಬೇರೆ ದಿನ, ಮುಖ ಬೇರೆ ಕಡೆ ತಿರುಗಿಸಿ ಹೇಳಿದ್ದನ್ನು ಜೋಡಿಸಿದ್ದು.

ನವೆಂಬರ್ ಎಂಟರ ಸಂಜೆ ಇಬ್ಬರೂ ಹಿಮನದಿಯ ಅಂಚಿನ ಕಲ್ಲಿನ ಗುಡಿಸಲು ಸೇರಿದರು. ಹಂಗಾಮು ಶುರುವಾಗದ ಕಾರಣ ನೋಡಿಕೊಳ್ಳುವವನು ಇರಲಿಲ್ಲ. ಒಂದು ಕೋಣೆ, ಒಂದು ಒಲೆ, ಒಂದಿಷ್ಟು ಸೌದೆ. ತನಿಯ ದೋಹಾದಿಂದ ತಂದ ಕುಚ್ಚಲಕ್ಕಿಯ ಗಂಜಿ ಬೇಯಿಸಿದ, ಒಣಮೀನಿನ ಚಟ್ನಿ ತೆಗೆದ. ಯೋಸೆಫ್ ಮೂರು ಸಲ ಹಾಕಿಸಿಕೊಂಡ. ಬೆಟ್ಟದ ಹೆಸರು ತನಿಯನ ನಾಲಿಗೆಗೆ ಕೊನೆಗೂ ಹತ್ತಲಿಲ್ಲ. ಅದರ ಎತ್ತರ ಹಿಡಿದು ಅದನ್ನು ಮೂರು ಸಾವಿರದ ಐನೂರು ಎಂದೇ ಕರೆದ.

ಬೆಳಿಗ್ಗೆ ಹೊರಟಾಗ ಸೊನ್ನೆಗಿಂತ ಹದಿನಾಲ್ಕು ಕೆಳಗೆ. ತನಿಯನಿಗೆ ನಗು ಬಂತು. ಇದಕ್ಕೆ ಇವರು ಚಳಿ ಅನ್ನುತ್ತಾರಾ, ಇದರಲ್ಲಿ ಐಸ್‌ಕ್ರೀಮು ಸಹ ಗಟ್ಟಿ ನಿಲ್ಲದು. ಒಂದು ಗಂಟೆಯ ಮೇಲೆ ಗಾಳಿ ಎದ್ದಿತು. "ಈ ಬ್ಲೋವರ್ ಆಫ್ ಮಾಡುವವ ಇಲ್ಲಿ ಯಾರೂ ಇಲ್ವಾ?" ಎಂದು ಅವನು ಗಾಳಿಗೇ ಕೇಳಿದ. ಅದಕ್ಕಿಂತ ಅವನನ್ನು ಕಾಡಿದ್ದು ಬೇರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅವನ ಕಣ್ಣು ತಾನಾಗಿ ಬಾಗಿಲು ಹುಡುಕುತ್ತಿತ್ತು. ಹದಿಮೂರು ವರ್ಷದ ಅಭ್ಯಾಸ. ಎಲ್ಲಿ ನೋಡಿದರೂ ಬಿಳಿ, ಎಲ್ಲಿಯೂ ಬಾಗಿಲಿಲ್ಲ.

ಹಿಮನದಿಯ ಮೇಲೆ ಹಗ್ಗ ಕಟ್ಟಿಕೊಂಡರು. ಮುಂದೆ ಯೋಸೆಫ್ ಕೋಲಿನಿಂದ ಹಿಮವನ್ನು ಚುಚ್ಚಿ ಚುಚ್ಚಿ ನೋಡುತ್ತ, ಹಿಂದೆ ಹತ್ತು ಮಾರು ದೂರದಲ್ಲಿ ತನಿಯ. ಹೊಸ ಹಿಮ ಬಿರುಕುಗಳ ಮೇಲೆ ಬಟ್ಟೆಯ ಹಾಗೆ ಹಾಸಿತ್ತು. ಒಂದು ಕಡೆ ತನಿಯನ ಎಡಗಾಲು ಹಲಗೆ ಸಮೇತ ತೊಡೆಯವರೆಗೆ ಇಳಿಯಿತು. ಕೆಳಗೆ ನೀಲಿ ಕತ್ತಲೆ, ಕಾಲಿಗೆ ಏನೂ ತಾಗುತ್ತಿಲ್ಲ. ಅಷ್ಟರಲ್ಲಿ ಹಗ್ಗ ಬಿಗಿಯಿತು. ಆ ಒಣ ಬೆಂಡೆಕಾಯಿ ಹಿಮದಲ್ಲಿ ಕುಳಿತು, ಕೆಟ್ಟ ಸೊಂಟವನ್ನು ಊರಿ, ಎಪ್ಪತ್ತೆಂಟು ಕಿಲೋದ ತನಿಯನನ್ನು ಹಿಡಿದಿದ್ದ. ಮೇಲೆ ಬಂದ ಮೇಲೆ ಯೋಸೆಫ್ ಹೇಳಿದ್ದು ಇಷ್ಟೇ. "ಓಕೆ? ಯಲ್ಲಾ." ನಡಿ, ಹೋಗೋಣ ಅಂತ.

ಅದನ್ನು ಹೇಳುವಾಗ ತನಿಯ ತನ್ನ ಬೆಲ್ಟನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ, "ಒಂದೇ ಹಗ್ಗ ಅಲ್ವಾ," ಎಂದ. "ನಾನು ಬಿದ್ರೆ ಅವ್ರೂ ಬೀಳ್ತಿದ್ರು. ಗೊತ್ತಿದ್ದೇ ಕಟ್ಟಿಕೊಂಡದ್ದು ಅವ್ರು."

ಹನ್ನೊಂದೂವರೆಗೆ ಹಿಮನದಿ ಮುಗಿದು ಬಂಡೆಯ ಭುಜ ಸಿಕ್ಕಿತು. ಅಲ್ಲಿ ಹಲಗೆಗಳನ್ನು ನೆಟ್ಟು, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿ, ಉಳಿದದ್ದನ್ನು ಕಾಲ್ನಡಿಗೆಯಲ್ಲಿ ಏರಬೇಕು. ನೂರೈವತ್ತು ಮೀಟರು ಏರಿದ ಮೇಲೆ ಶಿಲುಬೆ ಕಂಡಿತು, ತಗಡಿನ ಪೆಟ್ಟಿಗೆಯೂ ಬಿಸಿಲಿಗೆ ಮಿಂಚಿತು. ಇನ್ನು ಅರವತ್ತು ಮೀಟರು. ಯೋಸೆಫ್ ಒಂದು ಕಲ್ಲಿನ ಮರೆಗೆ ಕುಳಿತ. ತನಿಯ ಹಗ್ಗ ಸುತ್ತಿಕೊಳ್ಳುತ್ತ ಹತ್ತಿರ ಬಂದ.

ಯೋಸೆಫನ ಬಲಗೈಯ ಗವಸು ಕೆಳಗೆ ಬಿದ್ದಿತ್ತು. ಬರಿ ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ನಡುಗುತ್ತಿರಲಿಲ್ಲ. ಶಿಲುಬೆಯನ್ನೇ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದ.

ತನಿಯ ಪ್ರಶ್ನೆ ಕೇಳಲಿಲ್ಲ.

ಗವಸು ಎತ್ತಿ ಆ ಕೈಗೆ ತುರುಕಿ, ಸೊಂಟದ ಪಟ್ಟಿ ಹಿಡಿದು ಎಬ್ಬಿಸಿ, ಕೆಳಮುಖವಾಗಿ ಎಳೆದ. ಯೋಸೆಫ್ ಮೊದಲು ತಮಾಷೆ ಎಂದುಕೊಂಡ. "ನೋ, ತಾನಿ, ಫೈವ್ ಮಿನಿಟ್ಸ್," ಎಂದ. ಇಡೀ ಜಗತ್ತಿನಲ್ಲಿ ತನಿಯನ ಎದುರು ಹೇಳಬಾರದಿದ್ದ ಮಾತೆಂದರೆ ಅದೊಂದೇ. ತನಿಯನ ಕಣ್ಣಿಗೆ ಕೋಳಿಯ ಪೆಟ್ಟಿಗೆಗಳ ಮೇಲೆ ಕುಳಿತ ನೌಶಾದ್ ಕಂಡ. ಇನ್ನೂ ಜೋರಾಗಿ ಎಳೆದ. ಯೋಸೆಫ್ ಬಂಡೆ ಹಿಡಿದುಕೊಂಡ, ಬೈದ, ಎದೆಗೆ ಗುದ್ದಿದ. ಸಿಟ್ಟು ತಲೆಗೇರಿ ನಲವತ್ತು ಶಬ್ದಗಳು ಸಾಲದೆ ತನ್ನ ಜರ್ಮನ್ ಭಾಷೆಗೆ ಇಳಿದ. ತನಿಯನಿಗೆ ಅದು ಅರ್ಥವಿಲ್ಲದ ಮಾತು. ಕಾನೂನಿನ ನಾಲ್ಕೂ ಗುರುತು ಪೂರ್ತಿಯಾದವು. ದಿನಕ್ಕೆ ನೂರು ಕುರಿ ಹೊರುವ ಹೆಗಲು ಅದು. ನಮ್ಮ ವೀರ ತನ್ನ ಸ್ನೇಹಿತನನ್ನು ಆಸ್ಟ್ರೇಲಿಯಾದ ಕುರಿಯ ಹಾಗೆ ಹೆಗಲಿಗೇರಿಸಿ, ಗುದ್ದು ತಿನ್ನುತ್ತ, ನೂರೈವತ್ತು ಮೀಟರು ಇಳಿದ. ಒಮ್ಮೆಯೂ ಕಾಲು ಜಾರಲಿಲ್ಲ. ಆ ಬೆಟ್ಟದಲ್ಲಿ ಅಂಥ ಇಳಿತ ಹಿಂದೆಯೂ ಆಗಿರಲಿಕ್ಕಿಲ್ಲ, ಮುಂದೆಯೂ ಆಗಲಿಕ್ಕಿಲ್ಲ.

ಅರ್ಧ ದಾರಿಯಲ್ಲಿ ಗುದ್ದುವುದು ನಿಂತಿತು. ಅದು ಇನ್ನೂ ಕೆಟ್ಟ ಗುರುತು ಎಂದು ತನಿಯ ಇನ್ನೂ ಬೇಗ ನಡೆದ.

ಹಲಗೆಗಳ ಹತ್ತಿರ ಇಳಿಸಿ ಫ್ಲಾಸ್ಕಿನ ಶುಂಠಿ ಚಹಾ ಕುಡಿಸಲು ಹೋದಾಗ ಯೋಸೆಫ್ ಬಲಗೈಯ ಗವಸು ಬಿಚ್ಚಿ ಅಂಗೈ ತೋರಿಸಿದ. ಒಂದು ಪೆನ್ನು. ಚಳಿಗೆ ಶಾಯಿ ಹೆಪ್ಪುಗಟ್ಟಿತ್ತು. ಮೇಲೆ ಹೋದಾಗ ಬರೆಯಲಿ ಎಂದು ಬರಿಗೈಯಲ್ಲಿ ಹಿಡಿದು ಬಿಸಿ ಮಾಡುತ್ತಿದ್ದ. ನಕ್ಕದ್ದು ಅವಳ ಸಾಲು ನೆನಪಾಗಿ. ನಡುಗದಿದ್ದುದು ನಾಲ್ಕು ಗಂಟೆ ಬೆಟ್ಟ ಹತ್ತಿ ಮೈ ಬೆವರಿದ್ದರಿಂದ.

ಇಬ್ಬರೂ ಮೇಲೆ ನೋಡಿದರು. ಶಿಲುಬೆ ಇರಲಿಲ್ಲ. ಮೋಡ ಬಂಡೆಯ ಭುಜದವರೆಗೆ ಇಳಿದು, ಮೊದಲ ಹಿಮ ಅಡ್ಡಡ್ಡವಾಗಿ ಬೀಳುತ್ತಿತ್ತು. ಕತ್ತಲೆಗೆ ಮೊದಲು ಬಿರುಕುಗಳನ್ನು ದಾಟಲೇಬೇಕಿತ್ತು. ದಾಟಿದರು. ಅದೇ ಹಗ್ಗ ಕಟ್ಟಿಕೊಂಡು.

ಎರಡು ದಿನ ಗುಡಿಸಲಿನ ಹೊರಗೆ ಹಿಮ ಸುರಿಯಿತು. ಮೂರನೆಯ ದಿನ ವಿಮಾನ. ಆ ಎರಡು ದಿನ ಯೋಸೆಫ್ ಗೋಡೆಗೆ ಮುಖ ಮಾಡಿ ಮಲಗಿದ್ದ, ತನಿಯ ಒಲೆಗೆ ಸೌದೆ ಹಾಕುತ್ತಿದ್ದ. ಕೊನೆಯ ಸಂಜೆ ತನಿಯ ತನ್ನ ಕೋಟಿನ ಒಳಜೇಬಿನಿಂದ ಗಿಡ್ಡ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟ. ಫ್ರೀಜರಿನಲ್ಲಿ ಯಾರೂ ಪೆನ್ನು ಬಳಸುವುದಿಲ್ಲ. ಪೆನ್ನು ಅಲ್ಲಿ ಬರೆಯುವುದಿಲ್ಲವೆಂದು ಕೋಲ್ಡ್ ಸ್ಟೋರಿನ ಗುಡಿಸುವವನಿಗೂ ಗೊತ್ತು. ಯೋಸೆಫ್ ಪೆನ್ಸಿಲನ್ನು ನೋಡಿದ, ತನಿಯನನ್ನು ನೋಡಿದ. "ಗುಡ್ ರೂಲ್, ತಾನಿ," ಎಂದು ಮೆಲ್ಲಗೆ ಹೇಳಿ ಮತ್ತೆ ಗೋಡೆಗೆ ತಿರುಗಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ದೋಹಾಕ್ಕೆ ಬಂದ ಮೇಲೆ ಯೋಸೆಫ್ ಕೋಲ್ಡ್ ಸ್ಟೋರಿಗೆ ಬರಲಿಲ್ಲ. ತನಿಯ ಎರಡು ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಾನಿದ್ದ ಕಾರ್ಮಿಕರ ಕ್ಯಾಂಪಿನ ಗೇಟಿನಲ್ಲಿ ನಿಂತ, ಊಟಕ್ಕೆ ಕರೆದೊಯ್ಯುತ್ತಿದ್ದ ಯೋಸೆಫನ ಕಾರು ಬರಲಿಲ್ಲ. ಮೂರನೆಯ ಶುಕ್ರವಾರ ತಾನೇ ಬಸ್ಸು ಹಿಡಿದು ಆ ಮನೆಗೆ ಹೋದ. ಬಾಗಿಲಿಗೆ ಬೀಗ. ಆಪರೇಶನಿಗೆಂದು ಯೋಸೆಫ್ ಊರಿಗೆ ಹೋಗಿಯಾಗಿತ್ತು.

ಮಹಮೂದ್ ಸಮಾಧಾನ ಹೇಳಲು ನೋಡಿದರು. "ನೀನು ಮಾಡಿದ್ದು ಸರಿಯೇ ಮಾರಾಯ. ಒಂದು ವೇಳೆ ನಿಜವಾಗಿ ಚಳಿ ಹಿಡಿದಿದ್ರೆ? ಜೀವ ದೊಡ್ಡದಾ, ಪುಸ್ತಕ ದೊಡ್ಡದಾ?"

"ಕೈ ಬಿಸಿ ಇತ್ತು ಸಾಯ್ಬ್ರೇ."

"ಎಂಥದು?"

"ಗವಸು ಹಾಕುವಾಗ ಆ ಕೈ ಹಿಡಿದದ್ದು ನಾನೇ ಅಲ್ವಾ. ಬಿಸಿ ಇತ್ತು. ಫ್ರೀಜರಲ್ಲಿ ಚಳಿ ಹಿಡಿದವನ ಕೈ ಹಾಗೆ ಇರುದಿಲ್ಲ. ನಂಗೆ ಗೊತ್ತಾಯ್ತು. ಗೊತ್ತಾಗುವಷ್ಟರಲ್ಲಿ ನಾನು ಎಳೆದಾಗಿತ್ತು. ಆಮೇಲೆ ನಿಲ್ಲಿಸ್ಲಿಕ್ಕೆ ಬರ್ಲಿಲ್ಲ."

ಮಹಮೂದ್ ಕನ್ನಡಕ ಹಾಕಿಕೊಂಡು ಬಿಲ್ಲುಗಳನ್ನು ನೋಡತೊಡಗಿದರು.

ಜನವರಿ ಕೊನೆಯಲ್ಲಿ ಅನಿಲದ ಕಂಪನಿಯ ಆಫೀಸಿನಿಂದ ಸುದ್ದಿ ಬಂತು. ಆಪರೇಶನ್ ಚೆನ್ನಾಗಿ ಆಗಿತ್ತಂತೆ. ನಾಲ್ಕನೆಯ ದಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡಿತಂತೆ. ತನಿಯ ಅಂದು ಕೆಲಸ ಬಿಡಲಿಲ್ಲ. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ, ಗಡಿಯಾರ ನೋಡಿ ಮಾಡಿದ. ಹೊರಗಿದ್ದ ಹತ್ತು ನಿಮಿಷಗಳಲ್ಲಿ ಮಾತ್ರ ಅವನ ಹತ್ತಿರ ಯಾರೂ ಹೋಗಲಿಲ್ಲ.

ಫೆಬ್ರವರಿಯಲ್ಲಿ ಅವನು ಜ್ಯೋತ್ಸ್ನಾಳ ಮೇಜಿನ ಮುಂದೆ ಬಂದು ನಿಂತ. ಜ್ಯೋತ್ಸ್ನಾ ನಮ್ಮ ಕಡೆಯ ಹೆಂಗಸು, ಮಹಮೂದರ ಆಫೀಸಿನಲ್ಲಿ ಟೈಪಿಸ್ಟ್, ಇಂಗ್ಲಿಷ್ ಪತ್ರಗಳಿಗೆ ಸನಯ್ಯಾದಲ್ಲೇ ಹೆಸರಾದವಳು.

"ಮೇಡಂ, ಒಂದು ಪತ್ರ ಆಗ್ಬೇಕಿತ್ತು."

"ಮೇಡಂ ಎಲ್ಲ ಬೇಡ ತನಿಯಣ್ಣ. ಯಾರಿಗೆ?"

ಬೆಟ್ಟದ ಬುಡದ ಹಳ್ಳಿಯಲ್ಲಿ ಪರ್ವತ ಹತ್ತುವವರ ಒಂದು ಸಂಘವಿತ್ತು. ಗುಡಿಸಲಿನ ಕೀಲಿ ಕೊಟ್ಟವರು ಅವರೇ, ಕೀಲಿಯ ಚೀಟಿಯಲ್ಲಿ ವಿಳಾಸವಿತ್ತು. ಇಂಥವರು ಇಂಥ ದಿನ ಪುಸ್ತಕದಲ್ಲಿ ಒಂದು ಸಾಲು ಬರೆಯಲು ಬಂದಿದ್ದರು, ಆಗಲಿಲ್ಲ, ಈಗ ತೀರಿಕೊಂಡಿದ್ದಾರೆ, ನಿಮ್ಮಲ್ಲಿ ಯಾರಾದರೂ ಮೇಲೆ ಹೋಗುವಾಗ ಅವರ ಪರವಾಗಿ ಬರೆಯಬಹುದೇ. ಜ್ಯೋತ್ಸ್ನಾ ಇದನ್ನು ಅರ್ಧ ಪುಟದಲ್ಲಿ ಟೈಪು ಮಾಡಿದಳು. ತನಿಯ ಕೆಳಗೆ ಸಹಿ ಹಾಕಿದ, ಪೆನ್ಸಿಲಿನಲ್ಲಿ.

ಏಪ್ರಿಲ್‌ನಲ್ಲಿ ಉತ್ತರ ಬಂತು. ಒಬ್ಬ ಮುದುಕನ ಇಂಗ್ಲಿಷು, ಮರ್ಯಾದೆಯ ಮನುಷ್ಯ. ಯೋಸೆಫ್ ಮತ್ತು ಮಾರ್ತಾ ತನಗೆ ಗೊತ್ತೆಂದೂ, ಖಂಡಿತ ಬರೆಯುವುದಾಗಿಯೂ ಹೇಳಿದ್ದ. ಅವರ ಹಳೆಯ ಸಾಲುಗಳನ್ನು ಹುಡುಕಲು ನೋಡಿದೆ, ತುಂಬಿದ ಪುಸ್ತಕಗಳನ್ನು ಇಟ್ಟಿದ್ದ ಕೋಣೆಗೆ ಎರಡು ವರ್ಷದ ಹಿಂದೆ ಹೊಳೆ ನುಗ್ಗಿ ಎಲ್ಲ ಹಾಳಾಗಿದೆ, ಆದ್ದರಿಂದ ಸಾಲು ಯಾವುದೆಂದು ತಾವೇ ದಯವಿಟ್ಟು ತಿಳಿಸಬೇಕು ಎಂದಿದ್ದ.

ಜ್ಯೋತ್ಸ್ನಾ ಓದಿ ಮುಗಿಸಿ ಟೈಪಿಂಗ್ ಯಂತ್ರಕ್ಕೆ ಹಾಳೆ ಸೇರಿಸಿದಳು. "ಹೇಳಿ ತನಿಯಣ್ಣ. ಏನು ಸಾಲು?"

"ಗಾಳಿದು ಎಂಥದೋ ತಮಾಷೆ."

"ಎಂಥದು?"

"ಅವ್ರು ಹೇಳ್ಲಿಲ್ಲ. ಮೇಲೆ ಹೋಗಿ ಬರ್ದು ತೋರಿಸ್ತೇನೆ ಅಂದಿದ್ರು."

ಹಾಳೆ ಯಂತ್ರದಲ್ಲಿ ಹಾಗೆಯೇ ಉಳಿಯಿತು. ಜ್ಯೋತ್ಸ್ನಾ ಅದನ್ನು ಬಿಚ್ಚಿ ತನ್ನ ಡ್ರಾಯರಿನಲ್ಲಿಟ್ಟಳು. ಮುಂದಿನ ಮೂರು ವಾರ ತನಿಯ ದಿನಾ ಚಹಾದ ಹೊತ್ತಿಗೆ ಅವಳ ಮೇಜಿನ ಹತ್ತಿರ ಬಂದು, ಏನೋ ಹೇಳಲು ಹೊರಟು, ಬೇರೇನೋ ಕೇಳಿ ಹೋಗುತ್ತಿದ್ದ. ಗಾಳಿಯ ಮೇಲೆ ಎಷ್ಟು ತಮಾಷೆ ಇರಲು ಸಾಧ್ಯ ಎಂದು ನಮ್ಮನ್ನೆಲ್ಲ ಕೇಳಿದ. ನಾವು ಹೇಳಿದೆವು, ಕೆಲವು ಚೆನ್ನಾಗಿಯೇ ಇದ್ದವು. ಅವನು ಎಲ್ಲವನ್ನೂ ಕೇಳಿ, "ಅದಲ್ಲ" ಎನ್ನುತ್ತಿದ್ದ. ಅದು ಯಾವುದು ಎಂದು ಗೊತ್ತಿಲ್ಲದಿದ್ದರೂ ಅದಲ್ಲ ಎಂದು ಮಾತ್ರ ಅವನಿಗೆ ಖಚಿತವಾಗಿ ಗೊತ್ತಾಗುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ, ಕೋಟು ಟೊಪ್ಪಿಗಳ ಸಮೇತ ಬೆವರುತ್ತ, ನೇರವಾಗಿ ಜ್ಯೋತ್ಸ್ನಾಳ ಹತ್ತಿರ ಬಂದ.

"ಬರ್ಕೊಳ್ಳಿ. ಯೋಸೆಫ್, ಮಾರ್ತಾ. ತಾರೀಕು ನವೆಂಬರ್ ಒಂಬತ್ತು, ತೊಂಬತ್ತಾರು."

"ಆಮೇಲೆ?"

"ಅರವತ್ತು ಮೀಟರ್ ಕೆಳಗೆ ತನಕ ಬಂದಿದ್ರು. ಇವ್ರನ್ನು ನಾನು ಇಳಿಸಿದೆ. ಸಾಲು ನಂಗೆ ಗೊತ್ತಿಲ್ಲ. ತನಿಯ, ದೋಹಾ. ಅಷ್ಟೇ."

ಜ್ಯೋತ್ಸ್ನಾಳ ಬೆರಳುಗಳು ಯಂತ್ರದ ಮೇಲೆ ನಿಂತವು. "ತನಿಯಣ್ಣ, ಕಾಪಾಡ್ಲಿಕ್ಕೆ ಇಳಿಸಿದೆ ಅಂತ ಹಾಕ್ಲಾ? ಓದುವವರಿಗೆ ತಪ್ಪು ತಿಳಿಯಬಾರ್ದಲ್ಲ."

"ಬೇಡ. ನಾನು ಕೇಳಿದ್ರೆ ಗೊತ್ತಾಗ್ತಿತ್ತು. ಕೇಳ್ಲಿಲ್ಲ."

ಅವನು ಹೇಳಿದಷ್ಟನ್ನೇ ಅವಳು ಟೈಪು ಮಾಡಿದಳು. ತನಿಯ ಹಾಳೆಯನ್ನು ಕವರಿಗೆ ಹಾಕುವ ಮೊದಲು ಅಕ್ಷರ ಅಕ್ಷರವಾಗಿ ಓದಿಸಿಕೊಂಡ, ದೋಹಾ ಎಂಬುದರ ಕೆಳಗೆ ಕತಾರ್ ಎಂದು ಸೇರಿಸಲು ಹೇಳಿದ, ಅಲ್ಲಿಯವರಿಗೆ ಎಲ್ಲಿಯ ಊರೆಂದು ತಿಳಿಯಬೇಕಲ್ಲ ಎಂದ. ಹೊರಗೆ ಮೀನಿನ ಲಾರಿ ಹಾರ್ನು ಹೊಡೆಯುತ್ತಿತ್ತು. ಕವರನ್ನು ಅವಳ ಕೈಗೆ ಕೊಡದೆ ಕೋಟಿನೊಳಗೆ ಇಟ್ಟುಕೊಂಡು, ಪೋಸ್ಟಾಫೀಸಿಗೆ ತಾನೇ ಹೋಗುತ್ತೇನೆಂದು ಹೇಳಿ, ಲಾರಿಯ ಕಡೆ ನಡೆದ.